ಲೋಹವಾದ್ಯದ ಮೇಳವೂ ಗೃಹಸ್ಥನ ಮನೆಯೂ

ಈ ಪತ್ರಿಕೆಯ ವಾಚಕರಲ್ಲಿ ಹೆಚ್ಚಿನವರು ಮಕ್ಕಳೊಂದಿಗರು. ಸಂಜೆ ದೇವರ ದೀಪವನ್ನು ಹಚ್ಚಿ ಜಗಲಿಯಲ್ಲಿ ಕುಳಿತುಕೊಳ್ಳುವಷ್ಟರಲ್ಲಿ ಒಳಕೋಣೆಯಿಂದ ಗುಡುಗು, ಸಿಡಿಲು, ಗರಗಸ ಇವು ಮೂರೂ ಕೂಡಿದಂತಹ ಒಂದು ಶಬ್ದವು ಹೊರಟು, ಇದೇನು ಸಂಗೀತವೋ ಸಂಗ್ರಾಮವೋ ಎಂದು ಕೇಳುವ ಪ್ರಸಂಗವು ಅವರಲ್ಲಿ ಅನೇಕರಿಗೆ ಬಂದಿರಬಹುದು. ನಮಗೂ ಬಂದಿದ್ದಿತು. ಆ ಪ್ರಶ್ನೆಗೆ ಉತ್ತರವನ್ನು ಕೇಳದೆಯೇ ನಾವು ತೀರ್ಪನ್ನು ಕೊಟ್ಟುಬಿಟ್ಟೆವು. ಆ ತೀರ್ಪು ತಪ್ಪೆಂಬುದನ್ನು ತಿಳಿಯಲು ನಮಗೆ ಹದಿಮೂರು ವರ್ಷಗಳು ಹಿಡಿದವು. ಆದುದರಿಂದ ಈ ಲೇಖನವು ಅರ್ಧ ಸಂಗೀತದ ವಿಚಾರ, ಅರ್ಧ ನಮ್ಮ ತಪ್ಪೊಪ್ಪಿಗೆ.

ನಮ್ಮ ಮನೆ ಇನ್ನಂಜೆಯಲ್ಲಿ. ಒಂದು ಮಗ್ಗುಲಲ್ಲಿ ಶಂಕರಪುರದ ಮಲ್ಲಿಗೆಯ ತೋಟಗಳು. ಇನ್ನೊಂದು ಮಗ್ಗುಲಲ್ಲಿ ಕೊಂಕಣ ರೈಲುಹಾದಿ. 2012ರಲ್ಲಿ ನಮ್ಮ ಮಗನು ಪದವಿಪೂರ್ವ ತರಗತಿಯಲ್ಲಿ ಓದುತ್ತಿದ್ದನು. ಅಜ್ಜಿ ಕೊಟ್ಟ ಹಣವನ್ನು ಕೂಡಿಸಿಟ್ಟು ಒಂದು ಹಳೆಯ ಗಿಟಾರನ್ನು ಕೊಂಡುತಂದು, ಗೋಡೆಯ ಕಡೆಗೆ ಮುಖಮಾಡಿ ಕುಳಿತು, ಒಂದೇ ನಾಲ್ಕು ಸ್ವರಗಳನ್ನು ಗಂಟೆಗಟ್ಟಲೆ ಬಾರಿಸುತ್ತಿದ್ದನು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದ ಅಂಕಗಳು ಕೆಳಗಿಳಿದವು. ನಾವು ಉಪಾಧ್ಯಾಯರಷ್ಟೆ; ಕಾರಣವನ್ನು ಕಂಡುಹಿಡಿಯಲು ತಡವಾಗಲಿಲ್ಲ. “ಅದನ್ನು ಕೊಟ್ಟುಬಿಡು” ಎಂದೆವು. ಮಗನು ಒಂದು ಮಾತನ್ನೂ ಆಡದೆ ಅದನ್ನು ಉಡುಪಿಗೆ ಕೊಂಡೊಯ್ದು ಮಾರಿ ಬಂದು, ಹಣವನ್ನು ತಾಯಿಯ ಕೈಯಲ್ಲಿ ಇಟ್ಟನು. ಮುಂದೆ ಆತನು ಚೆನ್ನಾಗಿಯೇ ಓದಿ ಬೆಂಗಳೂರಿನಲ್ಲಿ ಉದ್ಯೋಗಸ್ಥನಾದನು. ನಮ್ಮ ಶಿಸ್ತಿನ ಫಲವೆಂದು ನಾವು ಹಿಗ್ಗಿದುದೂ ಉಂಟು. ಆದರೆ ಗಿಟಾರಿನ ಮಾತನ್ನು ಆತನು ಮತ್ತೆಂದೂ ಮನೆಯಲ್ಲಿ ಎತ್ತಲಿಲ್ಲ.

2025ರಲ್ಲಿ ನಾವು ಕಣ್ಣಿನ ಚಿಕಿತ್ಸೆಗೆಂದು ಬೆಂಗಳೂರಿಗೆ ಹೋಗಿದ್ದಾಗ ಮಗನು ಸಂಕೋಚಪಡುತ್ತ, “ಅಪ್ಪ, ನಾಳೆ ಸಂಜೆ ಒಂದು ಕಛೇರಿ ಉಂಟು. ‘ಅಗಂ’ ಎಂದು ಮೇಳದ ಹೆಸರು. ಒಮ್ಮೆ ಬಂದು ನೋಡಿ. ಹಿಡಿಸದಿದ್ದರೆ ಎದ್ದು ಬರುವ” ಎಂದನು. ಹೆಸರನ್ನು ಕೇಳಿ ‘ಆಗಮ’ವೆಂಬ ಸಂಸ್ಕೃತ ಶಬ್ದವೇ ಯಾರದೋ ಬಾಯಲ್ಲಿ ಕೆಟ್ಟಿರಬೇಕೆಂದು ಭಾವಿಸಿದೆವು. ಹಾಗಲ್ಲ, ಅದು ತಮಿಳಿನ ಶಬ್ದ. ಪ್ರಾಚೀನ ತಮಿಳು ಕವಿಗಳು ಕಾವ್ಯವನ್ನು ಅಗಂ, ಪುರಂ ಎಂದು ಎರಡಾಗಿ ವಿಂಗಡಿಸಿದ್ದರು. ಪುರಂ ಎಂದರೆ ಹೊರಗಿನದು, ಯುದ್ಧ ಯಶಸ್ಸುಗಳ ವಿಷಯ. ಅಗಂ ಎಂದರೆ ಒಳಗಿನದು, ಹೃದಯದ ವಿಷಯ. ಇಷ್ಟು ಗದ್ದಲದ ಮೇಳಕ್ಕೆ ಒಳಗು ಎಂಬ ಹೆಸರೇ ಎಂದು ಕುತೂಹಲವುಂಟಾಗಿ ಹೊರಟೆವು.

ಆ ಸಂಜೆಯ ವಿಷಯವನ್ನು ಹೇಳುವ ಮೊದಲು ಈ ಸಂಗೀತವು ಎಲ್ಲಿಂದ ಬಂದಿತು, ಇದಕ್ಕೆ ‘ಮೆಟಲ್’ ಎಂದರೆ ಲೋಹವೆಂಬ ಹೆಸರು ಏಕೆ ಹೊಂದುವುದು ಎಂಬುದನ್ನು ವಾಚಕರಿಗೆ ತಿಳಿಸಬೇಕು.

ಇದರ ತವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ಕಾರ್ಖಾನೆಗಳ ಊರು. ಅಲ್ಲಿ ಟೋನಿ ಅಯೋಮಿ ಎಂಬ ತರುಣನು ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳು ಹೋದವು. ಆತನು ಎಡಗೈಯಿಂದ ಮೀಟುವವನಾದುದರಿಂದ ತಂತಿಯನ್ನು ಒತ್ತುವ ಬೆರಳುಗಳೇ ಹೋದಂತಾಯಿತು. ಆತನು ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆಗಳನ್ನು ಮಾಡಿಕೊಂಡನು; ನೋವು ತಾಳಲಾರದೆ ತಂತಿಗಳನ್ನು ಸಡಿಲಿಸಿಕೊಂಡನು. ತಂತಿ ಸಡಿಲವಾದೊಡನೆ ನಾದವು ಕೆಳಗಿಳಿದು ಭಾರವಾಯಿತು. 1970ರ ಫೆಬ್ರವರಿಯಲ್ಲಿ ಆತನ ‘ಬ್ಲ್ಯಾಕ್ ಸಬತ್’ ಎಂಬ ಮೇಳದ ಮೊದಲ ಧ್ವನಿಸಂಪುಟವು ಹೊರಬಂದಿತು. ಲೋಹಸಂಗೀತವು ಅಂದು ಹುಟ್ಟಿತೆಂದು ಬಲ್ಲವರು ಹೇಳುವರು.

ಆ ಗಿಟಾರಿನ ಕರ್ಕಶಧ್ವನಿಗೂ ಕಾರಣವಿರುವುದು. ತಂತಿಯ ಕಂಪನವನ್ನು ವಿದ್ಯುತ್ತಾಗಿ ಮಾರ್ಪಡಿಸಿ, ಧ್ವನಿವರ್ಧಕವು ಹೊರಲಾರದಷ್ಟು ಹೆಚ್ಚಿಸಿದರೆ, ಅಲೆಯ ನೆತ್ತಿಯು ಕತ್ತರಿಸಿಹೋಗುವುದು. ಹಾಗೆ ಕತ್ತರಿಸಿದಲ್ಲಿ ಮೂಲಸ್ವರದ ಜೊತೆಗೆ ಹತ್ತಾರು ಉಪಸ್ವರಗಳು ಹುಟ್ಟಿಕೊಳ್ಳುವುವು. ನಮ್ಮ ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ಒಂದೆಳೆ ನೂಲನ್ನಿಟ್ಟು ಜೀವಾಳವನ್ನು ಸರಿಪಡಿಸುವುದಿಲ್ಲವೆ? ಅಲ್ಲಿಯೂ ತಂತಿಯು ಕುದುರೆಯನ್ನು ಸವರಿ ಝೇಂಕರಿಸಿದಾಗ ಉಪಸ್ವರಗಳೇ ಅರಳುವುವು. ಒಂದು ಸೌಮ್ಯ, ಇನ್ನೊಂದು ರೌದ್ರ. ಶುದ್ಧವಾದ ಒಂಟಿ ಸ್ವರದಿಂದ ತೃಪ್ತಿಪಡದ ಕಿವಿಯ ಹಸಿವು ಎರಡರಲ್ಲಿಯೂ ಇರುವುದು.

ಈ ಸಂಗೀತದ ಒಂದು ಕವಲಿಗೆ ‘ಪ್ರೊಗ್ರೆಸಿವ್ ಮೆಟಲ್’ ಎಂದು ಹೆಸರು. ಮುಂದರಿಯುವ ಲೋಹಸಂಗೀತವೆಂದು ಅರ್ಥಮಾಡಿಕೊಳ್ಳಬಹುದು. ಇಲ್ಲಿ ಆರ್ಭಟಕ್ಕಿಂತ ರಚನೆಗೆ ಪ್ರಾಧಾನ್ಯ. 1985ರಲ್ಲಿ ಅಮೇರಿಕೆಯ ಬೋಸ್ಟನ್ ನಗರದ ಬರ್ಕ್ಲೀ ಸಂಗೀತಶಾಲೆಯ ಮೂವರು ವಿದ್ಯಾರ್ಥಿಗಳಾದ ಜಾನ್ ಪೆಟ್ರೂಚಿ, ಜಾನ್ ಮ್ಯುಂಗ್, ಮೈಕ್ ಪೋರ್ಟ್‌ನಾಯ್ ಇವರು ಕೂಡಿ ಕಟ್ಟಿದ ಮೇಳವು ಮುಂದೆ ‘ಡ್ರೀಮ್ ಥಿಯೇಟರ್’ ಎಂದು ಪ್ರಸಿದ್ಧವಾಯಿತು. 1999ರಲ್ಲಿ ಅವರು ಒಂದು ಸಂಪುಟವಿಡೀ ಒಂದೇ ಕಥೆಯನ್ನು ಹಾಡಿದರು. ಕಥೆ ಯಾವುದೆಂದರೆ, ಒಬ್ಬಾತನಿಗೆ ತನ್ನ ಪೂರ್ವಜನ್ಮದ ಸ್ಮರಣೆಯಾಗಿ ಅಲ್ಲಿಯ ಪ್ರೇಮವೂ ಕೊಲೆಯೂ ತಿಳಿದುಬರುವುದು. ಬಾಣನ ಕಾದಂಬರಿಯನ್ನು ಪಾಠ ಹೇಳಿದ ನಮಗೆ ಇದು ಅಪರಿಚಿತವೆನಿಸಲಿಲ್ಲ. ಅದೇ ಸಂಪುಟದ ವಾದ್ಯಪ್ರಬಂಧವೊಂದರಲ್ಲಿ ಸುಮಾರು ಆರು ನಿಮಿಷಗಳೊಳಗೆ ನೂರಕ್ಕೂ ಮಿಕ್ಕಿ ಸಲ ತಾಳವು ಬದಲಾಗುವುದೆಂದು ಎಣಿಸಿದವರಿರುವರು. ಆ ಮೇಳದ ಡ್ರಮ್ಮುವಾದಕನಾದ ಪೋರ್ಟ್‌ನಾಯ್ 2010ರಲ್ಲಿ ಹೊರಟುಹೋದನು. ಮೇಳವು ಮುರಿಯದೆ ಬೇರೊಬ್ಬನೊಡನೆ ನಡೆಯಿತು. 2023ರಲ್ಲಿ ಆತನು ಮರಳಿ ಬಂದನು. ಒಡಹುಟ್ಟಿದವರು ಪಾಲುಮಾಡಿಕೊಂಡು ಹೋಗಿ ಮತ್ತೆ ಒಂದೇ ಪಂಕ್ತಿಯಲ್ಲಿ ಕೂಡುವುದು ಎಷ್ಟು ಅಪೂರ್ವವೆಂಬುದನ್ನು ಗೃಹಸ್ಥರಿಗೆ ಹೇಳಬೇಕಾದುದಿಲ್ಲ.

ಇನ್ನು ನಮ್ಮ ನಾಡಿಗೆ ಬರುವೆವು. ಈ ಬೀಜವು ಕರ್ನಾಟಕದಲ್ಲಿ ಮೊಳೆತ ಸ್ಥಳ ಬೆಂಗಳೂರು. 1998ರಲ್ಲಿ ಅಲ್ಲಿ ‘ಕ್ರಿಪ್ಟೋಸ್’ ಎಂಬ ಲೋಹಮೇಳವು ಹುಟ್ಟಿತು. ಅದು ಗ್ರೀಕ್ ಶಬ್ದ, ಗೂಢವೆಂದು ಅರ್ಥ. ನೋಲನ್ ಲೂಯಿಸ್ ಎಂಬವರು ಮೊದಲಿನಿಂದ ಇಂದಿನವರೆಗೆ ಅದನ್ನು ನಡಸಿಕೊಂಡು ಬಂದಿರುವರು. 2004ರಲ್ಲಿ ಮೊದಲ ಸಂಪುಟ, 2024ರಲ್ಲಿ ಏಳನೆಯದು. 2013ರಲ್ಲಿ ಅವರು ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿದರು. ವಾಕೆನ್ ಎಂಬುದು ಮಹಾನಗರವಲ್ಲ. ಎರಡು ಸಾವಿರದಷ್ಟು ಜನರ ಒಂದು ಬೇಸಾಯದ ಹಳ್ಳಿ. ವರ್ಷಕ್ಕೊಮ್ಮೆ ಆ ಹೊಲಗಳಲ್ಲಿ ಹತ್ತಾರು ಸಾವಿರ ಜನರು ಕೂಡುವರು. ಇನ್ನಂಜೆಯಂತಹ ಊರಿನಲ್ಲಿ ಲೋಕಪ್ರಸಿದ್ಧವಾದ ಜಾತ್ರೆಯೊಂದು ನೆರೆದಂತೆ ಎಂದು ಭಾವಿಸಿಕೊಂಡರೆ ಸರಿ.

ಕ್ರಿಪ್ಟೋಸ್ ಪಡುವಣದ ಮಾರ್ಗವನ್ನೇ ಹಿಡಿದು ಹೋಯಿತು. ‘ಅಗಂ’ ಮೇಳವು ಬೇರೊಂದು ದಾರಿಯನ್ನು ಹಿಡಿಯಿತು. 2003ರಲ್ಲಿ ಬೆಂಗಳೂರಿನಲ್ಲಿ ಕೂಡಿದ ಈ ತರುಣರು ಕರ್ನಾಟಕ ಸಂಗೀತವನ್ನೂ ಆ ಮುಂದರಿಯುವ ರಾಕ್ ಸಂಗೀತವನ್ನೂ ಒಂದೇ ಕಣ್ಣಿನಲ್ಲಿ ನೋಡಿದರು. ಇವರನ್ನು ಕರ್ನಾಟಕ ಪ್ರೊಗ್ರೆಸಿವ್ ರಾಕ್ ಮೇಳವೆಂದು ಕರೆಯುವ ವಾಡಿಕೆ. ಲೋಹಸಂಗೀತಕ್ಕೆ ಅದು ನೆರೆಮನೆ. ಹಾಡುವವರೂ ಪಿಟೀಲು ನುಡಿಸುವವರೂ ಆದ ಹರೀಶ್ ಶಿವರಾಮಕೃಷ್ಣನ್, ಕೀಬೋರ್ಡು ನುಡಿಸುವ ಮತ್ತು ಸಾಹಿತ್ಯವನ್ನು ರಚಿಸುವ ಸ್ವಾಮಿ ಸೀತಾರಾಮನ್, ಗಿಟಾರಿನ ಪ್ರವೀಣ್ ಕುಮಾರ್, ತಾಳವಾದ್ಯಗಳ ಶಿವಕುಮಾರ್ ನಾಗರಾಜನ್ ಇವರ ಹೆಸರುಗಳು ಈ ಮೇಳದೊಡನೆ ಕೂಡಿಕೊಂಡಿರುವುವು.

ಇವರ ಚರಿತ್ರೆಯಲ್ಲಿ ನಮ್ಮ ಮನಸ್ಸನ್ನು ಹಿಡಿದುದು ಅವರ ತಾಳ್ಮೆ. 2003ರಲ್ಲಿ ಕೂಡಿದವರು 2007ರಲ್ಲಿ ತಮಿಳು ದೂರದರ್ಶನದ ಒಂದು ಸ್ಪರ್ಧೆಯಲ್ಲಿ, ಏ. ಆರ್. ರೆಹಮಾನರು ತೀರ್ಪುಗಾರರಾಗಿರಲು, ಗೆದ್ದರು. ಬೇರೆಯವರಾಗಿದ್ದರೆ ಮರುವರ್ಷವೇ ಸಂಪುಟವನ್ನು ಹೊರತರುತ್ತಿದ್ದರು. ಇವರ ಮೊದಲ ಸಂಪುಟವು ಬಂದುದು 2012ರಲ್ಲಿ, ಎಂದರೆ ಮೇಳ ಕಟ್ಟಿದ ಒಂಬತ್ತನೆಯ ವರ್ಷದಲ್ಲಿ. ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಎಂದು ಅದರ ಹೆಸರು. ಒಳಗಿನ ಆತ್ಮವು ಎಚ್ಚರಗೊಳ್ಳುವುದು ಎಂಬುದಾಗಿ ಮೇಳದ ಹೆಸರಿಗೇ ಬರೆದ ಭಾಷ್ಯದಂತಿರುವುದು. ಸ್ವಾತಿತಿರುನಾಳ್ ಮಹಾರಾಜರ ಧನಾಶ್ರೀ ತಿಲ್ಲಾನವು ಅದರಲ್ಲಿರುವುದು. ಎರಡನೆಯ ಸಂಪುಟವು 2017ರಲ್ಲಿ ಬಂದಿತು. ತ್ಯಾಗರಾಜರು ನಳಿನಕಾಂತಿ ರಾಗದಲ್ಲಿ ರಚಿಸಿದ ‘ಮನವ್ಯಾಲಕಿಂಚರಾ’ ಕೃತಿಯೂ, ಎಂ. ಡಿ. ರಾಮನಾಥನ್ ಅವರ ‘ಸಾಗರಶಯನ ವಿಭೋ’ ಎಂಬ ಸಂಸ್ಕೃತ ಕೃತಿಯೂ ಅದರಲ್ಲಿ ಹೊಸ ಉಡುಗೆಯನ್ನು ತೊಟ್ಟುವು. ಮೂರನೆಯದು ಬಂದುದು 2025ರಲ್ಲಿ. ಇಪ್ಪತ್ತೆರಡು ವರ್ಷಗಳಲ್ಲಿ ಮೂರೇ ಸಂಪುಟಗಳು!

ಈ ನಿಧಾನಕ್ಕೆ ಒಂದು ಕಾರಣವು ಗೃಹಸ್ಥರು ಮೆಚ್ಚತಕ್ಕದ್ದು. ಇವರಲ್ಲಿ ಹಲವರು ಸಂಗೀತವನ್ನೇ ನಂಬಿ ಉಣ್ಣುವವರಲ್ಲ. ಹರೀಶರು ಗಣಕಯಂತ್ರದ ಸಂಸ್ಥೆಗಳಲ್ಲಿ ವಿನ್ಯಾಸಕಾರರಾಗಿ ವರ್ಷಾನುಗಟ್ಟಲೆ ದುಡಿದವರು. ಹಗಲು ಉದ್ಯೋಗ, ಬಿಡುವಿನಲ್ಲಿ ಅಭ್ಯಾಸ. ಅನ್ನಕ್ಕಾಗಿ ಹಾಡಬೇಕಾಗದವನು ಹಾಡನ್ನು ಹಣ್ಣಾಗುವ ತನಕ ಕಾಯಬಲ್ಲನು. ನಮ್ಮ ಜಿಲ್ಲೆಯಲ್ಲಿ ಹಗಲು ಅಂಗಡಿ, ಶಾಲೆ, ಗದ್ದೆಗಳಲ್ಲಿ ದುಡಿದು ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳುವವರನ್ನು ಕಂಡವರಿಗೆ ಇದು ಹೊಸತಲ್ಲ. ಗಿಟಾರೂ ಗಣಿತವೂ ಒಂದೇ ಮನೆಯಲ್ಲಿ ಇರಲಾರವು ಎಂದು 2012ರಲ್ಲಿ ನಿಶ್ಚಯಿಸಿದ್ದ ನಮಗೆ ಮಾತ್ರ ಈ ಸಂಗತಿಯು ಮುಳ್ಳಿನಂತೆ ನಾಟಿತು.

ಈಗ ಆ ಸಂಜೆಯ ವಿಷಯ. ಸಭಾಂಗಣದಲ್ಲಿ ಬಿಳಿಯ ತಲೆ ನಮ್ಮದೊಂದೇ ಇರುವುದೆಂದು ಹೆದರಿ ಹೋದೆವು. ಸುತ್ತಲೂ ನೋಡಲು ಹತ್ತಿಪ್ಪತ್ತು ಕಂಡುವು. ಮಗನು ಕಿವಿಗೆ ಇಟ್ಟುಕೊಳ್ಳಲು ಮೆತ್ತನೆಯ ಬಿರಡೆಗಳನ್ನು ಕೊಟ್ಟನು. ಮೊದಲ ಐದು ನಿಮಿಷ ನಮಗೆ ಎದೆಯೇ ಅದುರಿತು. ಎದ್ದು ಹೋಗೋಣವೆಂದೂ ಅನಿಸಿತು. ತರುವಾಯ ಹಾಡುವವರು ಆಲಾಪನೆಯನ್ನು ಎತ್ತಿಕೊಂಡರು. ಕಣ್ಣುಮುಚ್ಚಿದರೆ ಯಾವುದೋ ದೇವಾಲಯದ ಮಂಟಪದಲ್ಲಿ ಕುಳಿತಂತೆ. ಅನಂತರ ಡ್ರಮ್ಮು ಸೇರಿತು. ನಮ್ಮ ಬೆರಳು ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗಿತು. ಎಂಟೆಂದು ಎಣಿಸಿದೆವು, ತಪ್ಪಿತು. ಪುನಃ ಎಣಿಸಿದೆವು. ಏಳು! ಮೂರು, ಎರಡು, ಎರಡು. ಇದು ನಮ್ಮ ಭಾಗವತರ ತ್ರಿವುಡೆಯಲ್ಲವೆ? ಎಷ್ಟು ರಾತ್ರಿ ಬಯಲಿನಲ್ಲಿ ಚಾಪೆ ಹಾಸಿ ಕುಳಿತು ಚೆಂಡೆಮದ್ದಳೆಗಳ ನಡುವೆ ಈ ಏಳನ್ನು ಕೇಳಿರುವೆವು! ಪಡುವಣದವರು ಅಪೂರ್ವವೆಂದು ಕೊಂಡಾಡುವ ಬೆಸಸಂಖ್ಯೆಯ ತಾಳಗಳು ನಮ್ಮ ಕರಾವಳಿಯ ಮಕ್ಕಳಿಗೆ ತೊಟ್ಟಿಲಿನಿಂದಲೇ ಪರಿಚಿತವಾದವು. ನಮ್ಮ ಮಗನು ಗೋಡೆಯ ಕಡೆ ಮುಖಮಾಡಿ ಆ ನಾಲ್ಕು ಸ್ವರಗಳನ್ನು ಮತ್ತೆ ಮತ್ತೆ ಬಾರಿಸುತ್ತಿದ್ದುದೂ ಇಂತಹುದೇ ಒಂದು ಎಣಿಕೆಗಾಗಿ ಇದ್ದಿರಬೇಕೆಂದು ಆಗ ಹೊಳೆಯಿತು. ಅದನ್ನು ನಾವು ಗಣಿತದ ಶತ್ರುವೆಂದು ಹೇಳಿದ್ದೆವು; ಅದು ಗಣಿತವೇ ಆಗಿದ್ದಿತು.

ಹಿರಿಯರ ಕೃತಿಗಳನ್ನು ಇಂತಹ ವಾದ್ಯಗಳ ನಡುವೆ ನಿಲ್ಲಿಸುವುದು ಸರಿಯೇ ಎಂದು ಕೆಲವರು ಕೇಳುವರು. ಪ್ರಶ್ನೆಯು ಯೋಗ್ಯವಾದುದು, ಅದಕ್ಕೆ ಅಪಹಾಸ್ಯವು ಉತ್ತರವಲ್ಲ. ನಾವು ಹೀಗೆ ಯೋಚಿಸಿದೆವು. ಇಂದು ಯಾವ ಕರ್ನಾಟಕ ಕಛೇರಿಯಲ್ಲಿ ಪಿಟೀಲು ಇರುವುದಿಲ್ಲ? ಅದು ಬಂದುದು ಯುರೋಪಿನಿಂದ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಕಲಿತು ನಮ್ಮದಾಗಿ ಮಾಡಿದರು. ಹಾರ್ಮೋನಿಯಮ್ಮನ್ನು ಆಕಾಶವಾಣಿಯು 1940ರಲ್ಲಿ ಹೊರಗಿಟ್ಟಿತು. ಮುಂದೆ ಮೂರು ದಶಕಗಳ ಬಳಿಕ ಒಳಗೆ ಬಿಟ್ಟಿತು. ಇಷ್ಟು ದೂರವೇಕೆ? ಬಂಟ್ವಾಳದ ಕಡೆಯ ಸಜಿಪಮೂಡದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರದ ಮನೆತನದವರು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕಂಡು ಮನಸೋತು, ಅದರಲ್ಲಿ ಗಮಕವನ್ನು ಹೊರಡಿಸಲು ಸುಮಾರು ಇಪ್ಪತ್ತು ವರ್ಷ ಶ್ರಮಪಟ್ಟರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು, 2019ರಲ್ಲಿ ತೀರಿಕೊಂಡರು. ಲೋಹದ ಕೊಳವೆಯೊಂದು ತ್ಯಾಗರಾಜರನ್ನು ನುಡಿಯಬಹುದಾದರೆ ಲೋಹದ ತಂತಿಯು ಏಕೆ ನುಡಿಯಬಾರದು? ವಾದ್ಯಕ್ಕೆ ಜಾತಿಯಿಲ್ಲ, ನುಡಿಸುವವನಿಗೆ ಶ್ರದ್ಧೆ ಇರುವುದೇ ಇಲ್ಲವೇ ಎಂಬುದಷ್ಟೇ ವಿಚಾರಣೀಯ.

ಆದರೂ ನಮ್ಮ ಆಕ್ಷೇಪಣೆಗಳನ್ನು ಮರೆಮಾಚುವುದಿಲ್ಲ. ಒಂದನೆಯದಾಗಿ, ಎಲ್ಲ ವಾದ್ಯಗಳೂ ಒಟ್ಟಿಗೆ ಏರಿದೆಡೆಯಲ್ಲಿ ಸಾಹಿತ್ಯವು ಮುಳುಗಿಹೋಗುವುದು. ಮೊದಲೇ ಕೃತಿಯನ್ನು ಬಲ್ಲವನಿಗೆ ಅದು ಕೇಳಿಸುವುದು. ಅರಿಯದವನಿಗೆ ಅರ್ಧಾಕ್ಷರ ಮಾತ್ರ. ಎರಡನೆಯದಾಗಿ, ಧ್ವನಿಯ ಪ್ರಮಾಣ. ಇಂತಹ ಸ್ಥಳಗಳಲ್ಲಿ ಹದಿನೈದು ನಿಮಿಷಗಳ ಸರಾಸರಿ ಧ್ವನಿಯು 100 ಡೆಸಿಬೆಲ್‌ಗಳನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಮಿತಿಯನ್ನು ಸೂಚಿಸಿರುವುದು. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದುದರಿಂದ ಮಕ್ಕಳು ಇಂತಹ ಕಛೇರಿಗೆ ಹೊರಟರೆ ತಡೆಯಬೇಡಿರಿ. ಕಿವಿಯ ಬಿರಡೆಯನ್ನು ಕೈಗಿತ್ತು ಕಳುಹಿಸಿರಿ. ಮನೆಯಲ್ಲಿ ಕಿವಿಗಿಟ್ಟು ಕೇಳುವ ಯಂತ್ರದ ಧ್ವನಿಯನ್ನು ತಗ್ಗಿಸಲು ಹೇಳಿರಿ.

ಮೇಳಗಳು ಹುಟ್ಟುವುದು ಸುಲಭ, ಬಾಳುವುದು ಕಷ್ಟ. ಕಾಲೇಜಿನ ಹುಡುಗರ ಎಷ್ಟೋ ಮೇಳಗಳು ಮೊದಲ ಉದ್ಯೋಗ, ಮೊದಲ ಮದುವೆ, ಮೊದಲ ಜಗಳ ಇವುಗಳಲ್ಲಿ ಒಂದಕ್ಕೆ ಬಲಿಯಾಗುವುವು. ಇಪ್ಪತ್ತು, ಮೂವತ್ತು, ನಾಲ್ವತ್ತು ವರ್ಷ ಬಾಳಿದ ಈ ಮೇಳಗಳನ್ನು ನೋಡಿದರೆ ಒಂದು ಸಾಮಾನ್ಯ ಧರ್ಮವು ಕಾಣುವುದು. ಹೋಗುವವನನ್ನು ಹೋಗಗೊಡುವರು, ಬಂದವನಿಗೆ ಸ್ಥಳ ಕೊಡುವರು, ಎಲ್ಲರಿಗಿಂತ ತಾಳವನ್ನು ದೊಡ್ಡದೆಂದು ತಿಳಿಯುವರು. ನಮ್ಮ ಯಕ್ಷಗಾನದ ಮೇಳಗಳಲ್ಲಿ ವೇಷಧಾರಿಗಳು ಬದಲಾದರೂ ಭಾಗವತನ ಜಾಗಟೆಗೆ ಎಲ್ಲರೂ ಕುಣಿಯುವುದಿಲ್ಲವೆ? ಒಟ್ಟುಕುಟುಂಬವು ಬಾಳುವುದೂ ಇದೇ ರೀತಿಯಿಂದ.

ಸಂಗೀತಗಾರರು ಶ್ರುತಿಯನ್ನು ತಾಯಿಯೆಂದೂ ಲಯವನ್ನು ತಂದೆಯೆಂದೂ ಹೇಳುವರು. ಆ ಮಾತನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿರುವೆವು. ಆದರೆ ಮನೆಯೊಳಗೆ ಮಗನು ಲಯವನ್ನು ಹುಡುಕುತ್ತಿದ್ದಾಗ ತಂದೆಯಾದ ನಮಗೆ ಅದು ಕೇಳಿಸಲಿಲ್ಲ.

ಕಛೇರಿಯು ಮುಗಿದು ಹಿಂದಿರುಗುವಾಗ ವಾಹನದಲ್ಲಿ ಕೇಳಿದೆವು: “ಆ ಗಿಟಾರನ್ನು ಎಷ್ಟಕ್ಕೆ ಕೊಟ್ಟಿದ್ದಿ?”

ಮಗನು ಬಹಳ ಹೊತ್ತು ರಸ್ತೆಯನ್ನೇ ನೋಡುತ್ತಿದ್ದನು. “ಒಂದು ಸಾವಿರದ ಇನ್ನೂರಕ್ಕೆ, ಅಪ್ಪ” ಎಂದನು. ಹದಿಮೂರು ವರ್ಷದ ಹಿಂದಿನ ಲೆಕ್ಕ, ತಡವರಿಸಲಿಲ್ಲ.

“ನಾವು ಹಾಗೆ ಹೇಳಬಾರದಿತ್ತು” ಎಂದೆವು. ಮೂವತ್ತೈದು ವರ್ಷ ಪಾಠ ಹೇಳಿದ ಬಾಯಿಗೆ ಆ ಮೂರು ಶಬ್ದಗಳು ಕಷ್ಟವಾದವು. “ಬಿಡಿ ಅಪ್ಪ, ಆಗ ಗಣಿತದಲ್ಲಿ ಅಂಕ ಕಮ್ಮಿ ಬಂದದ್ದು ಹೌದಲ್ಲ” ಎಂದು ನಕ್ಕನು.

ಆ ವರ್ಷದ ದೀಪಾವಳಿಗೆ ಬರುವಾಗ ಆತನ ಹೆಗಲಲ್ಲಿ ಒಂದು ಕರಿಯ ಚೀಲವಿದ್ದಿತು. ಬೆರಳುಗಳು ಈಗ ಹಿಂದಿನಂತೆ ಬಗ್ಗುವುದಿಲ್ಲವಂತೆ. ತುದಿಗಳಲ್ಲಿದ್ದ ಗಟ್ಟಿ ಚರ್ಮವು ಎಂದೋ ಮೆತ್ತಗಾಗಿರುವುದಂತೆ. ಕಳೆದುಹೋದ ವರ್ಷಗಳು ಗಿಟಾರು ಬಂದೊಡನೆ ಹಿಂದಿರುಗಲಿಲ್ಲ, ಹಿಂದಿರುಗುವುದೂ ಇಲ್ಲ. ಆದರೂ ದೀಪ ಹಚ್ಚಿದ ಮೇಲೆ ಒಳಕೋಣೆಯಿಂದ ಅವೇ ನಾಲ್ಕು ಸ್ವರಗಳು ಕೇಳಿಬಂದವು. ನಮ್ಮ ಮನೆಯವರು ಅಡಿಗೆಯ ಕೋಣೆಯ ಬಾಗಿಲಲ್ಲಿ ನಿಂತು ನಮ್ಮ ಮುಖವನ್ನು ನೋಡಿದರು. ನಾವು ಜಗಲಿಯ ಕಂಬಕ್ಕೆ ಒರಗಿ ಮೂರು, ಎರಡು, ಎರಡು ಎಂದು ಎಣಿಸುತ್ತಿದ್ದೆವು.

ವಾಚಕರಲ್ಲಿ ನಮ್ಮದು ಇಷ್ಟೇ ಪ್ರಾರ್ಥನೆ. ಒಳಕೋಣೆಯ ಬಾಗಿಲನ್ನು ತಟ್ಟಿ ಗದರಿಸುವ ಮೊದಲು ಒಂದು ಆವರ್ತದ ತನಕ ಎಣಿಸಿ ನೋಡಿರಿ. ತಾಳ ಸಿಕ್ಕದಿದ್ದರೆ ಆಗ ಗದರಿಸಬಹುದು.